ಚಾಲಕರಹಿತ ವಾಹನವೂ ದ್ವಿಚಕ್ರ ಸವಾರನೂ

ಚಾಲಕರಹಿತ ವಾಹನಕ್ಕೆ ಎದುರಿನ ವಸ್ತು ಕಂಡರಷ್ಟೇ ಸಾಲದು. ಅದರ ಮುಂದಿನ ಚಲನೆಯನ್ನೂ ಅದು ಊಹಿಸಬೇಕು. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಊಬರ್ ಸಂಸ್ಥೆಯ ಪರೀಕ್ಷಾರ್ಥ ವಾಹನಕ್ಕೆ ಬಲಿಯಾದರು. ಡಿಕ್ಕಿಗೆ 5.6 ಸೆಕೆಂಡುಗಳ ಮೊದಲೇ ರಾಡಾರ್ ಆಕೆಯನ್ನು ಪತ್ತೆಹಚ್ಚಿತ್ತು. ಆದರೆ ವ್ಯವಸ್ಥೆಯು ಒಮ್ಮೆ ವಾಹನವೆಂದೂ ಒಮ್ಮೆ ಸೈಕಲ್ ಎಂದೂ ಬಗೆದು, ಪ್ರತಿ ಸಲವೂ ಹಿಂದಿನ ಚಲನೆಯ ದಾಖಲೆಯನ್ನು ಕೈಬಿಟ್ಟು ಲೆಕ್ಕವನ್ನು ಹೊಸದಾಗಿ ಆರಂಭಿಸುತ್ತಿತ್ತು. ಉಸ್ತುವಾರಿಗೆ ಕುಳಿತಿದ್ದವರ ಗಮನವೂ ರಸ್ತೆಯ ಮೇಲಿರಲಿಲ್ಲ.

ಭಾರತದಲ್ಲಿ 2022ರ ರಸ್ತೆ ಸಾವುಗಳಲ್ಲಿ ಶೇ. 44ಕ್ಕೂ ಹೆಚ್ಚು ದ್ವಿಚಕ್ರ ವಾಹನಗಳದೇ. ಗಂಟುಮೂಟೆ ಹೇರಿಕೊಂಡು ಕಾರುಗಳ ನಡುವೆ ನುಸುಳುವ ಬೈಕನ್ನು ಯಂತ್ರವು ಏನೆಂದು ಬಗೆದೀತು? ಸ್ವಯಂಚಾಲಿತ ಬ್ರೇಕ್ ಉಳ್ಳ ಕಾರುಗಳು ನಮ್ಮ ಮಾರುಕಟ್ಟೆಗೆ ಈಗಾಗಲೇ ಬಂದಿವೆ. ಸರಕು ವಿತರಣೆಗೆ ಬೈಕುಗಳನ್ನು ಕಳುಹಿಸುವ ಸದಸ್ಯರು, ಹೊರೆಯು ಹಿಂಬದಿಯ ದೀಪವನ್ನೂ ರಿಫ್ಲೆಕ್ಟರನ್ನೂ ಮರೆಮಾಡದಂತೆ ಈಗಿನಿಂದಲೇ ನೋಡಿಕೊಳ್ಳುವುದು ಒಳಿತು.