ಒಂದೇ ದಿನ ಉರುಳಿದ ಎರಡು ಸರಕಾರಗಳು: ಗಡಿಯ ಕನ್ನಡಿಗನಿಗೆ ದಕ್ಕಿದ್ದೇನು?

1983ರ ಜನವರಿ 5ರಂದು ಆಂಧ್ರಪ್ರದೇಶ, ಕರ್ನಾಟಕಗಳೆರಡರಲ್ಲೂ ವಿಧಾನಸಭೆಗೆ ಮತದಾನ ನಡೆಯಿತು. 1956ರಿಂದ ಎರಡೂ ಕಡೆ ಅಧಿಕಾರ ಬಿಟ್ಟುಕೊಡದಿದ್ದ ಕಾಂಗ್ರೆಸ್ಸನ್ನು ಮತದಾರರು ಒಟ್ಟಿಗೇ ಇಳಿಸಿದರು. ಈ ಎರಡು ಅಲೆಗಳ ನಡುವೆ ನಿಂತಿದ್ದ ಗಡಿಯೂರು ಡಿ. ಹಿರೇಹಾಳ್.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾದಾಗ ಆದವಾನಿ, ಆಲೂರುಗಳೊಂದಿಗೆ ರಾಯದುರ್ಗ ತಾಲೂಕೂ ಆಂಧ್ರಕ್ಕೆ ಸೇರಿತು. ಹಿರೇಹಾಳಿನ ಕನ್ನಡಿಗರು ಅನಂತಪುರ ಜಿಲ್ಲೆಯವರಾದರು.

ಆಂಧ್ರದಲ್ಲಿ ಕಾಂಗ್ರೆಸ್ ಐದು ವರ್ಷಗಳೊಳಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕಂಡಿತ್ತು. ದಿಲ್ಲಿಯಿಂದ ಬದಲಾಗುವ ಮುಖ್ಯಮಂತ್ರಿಗಳನ್ನು ನೋಡಿ ಬೇಸತ್ತ ಜನರ ಮುಂದೆ ಎನ್.ಟಿ. ರಾಮರಾವ್ 'ತೆಲುಗರ ಆತ್ಮಗೌರವ'ದ ಮಾತೆತ್ತಿದರು. 1982ರ ಮಾರ್ಚ್ 29ರಂದು ಹುಟ್ಟಿದ ತೆಲುಗು ದೇಶಂ ಒಂಬತ್ತು ತಿಂಗಳಲ್ಲಿ 294 ಸ್ಥಾನಗಳ ಪೈಕಿ 200ಕ್ಕೂ ಹೆಚ್ಚು ಗೆದ್ದಿತು. ಕಾಂಗ್ರೆಸ್ಸಿಗೆ ಉಳಿದದ್ದು 60. ಅತ್ತ ಗೋಕಾಕ್ ಚಳವಳಿಯ ಕಾವು ಆರದ ಕರ್ನಾಟಕದಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82 ಸ್ಥಾನಗಳು ಬಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಗಳಾದರು.

ತೆಲುಗರ ಆತ್ಮಗೌರವದ ಘೋಷಣೆಯಲ್ಲಿ ಹಿರೇಹಾಳಿನ ಕನ್ನಡಿಗನ ಪಾಲೆಷ್ಟು? ಕಿಲೋಗೆ 2 ರೂಪಾಯಿಯ ಅಕ್ಕಿ ಯಾರ ಭಾಷೆಯನ್ನೂ ಕೇಳಲಿಲ್ಲ; ಬಡವನ ಹೊಟ್ಟೆ ತಣಿಯಿತು. 1984ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಿ ಹುದ್ದೆಗಳು ರದ್ದಾದವು. 1985ರಲ್ಲಿ ತಾಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದಾಗ ಡಿ. ಹಿರೇಹಾಳ್ ತಾನೇ ಮಂಡಲ ಕೇಂದ್ರವಾಯಿತು. ಸರಕಾರಿ ಕಚೇರಿ ಮನೆಬಾಗಿಲಿಗೆ ಬಂತು. ಆದರೆ ಅದರ ಕಡತಗಳ ಭಾಷೆ ತೆಲುಗೇ. ಆಂಧ್ರದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಲು ಅವಕಾಶವಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಕನ್ನಡದಲ್ಲಿ ಕಲಿತವನಿಗೆ ಕಚೇರಿಯ ಕಾಗದ ಓದಿ ಹೇಳಲು ಇನ್ನೊಬ್ಬರು ಬೇಕಾದರೆ, ಹತ್ತಿರ ಬಂದ ಕಚೇರಿಯೂ ಅವನಿಗೆ ದೂರವೇ.

ಇದು ನಮಗೆ ಹೊಸ ಕತೆಯೇನಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕಲೆಕ್ಟರರನ್ನು ಕಾಣಲು ಕಣ್ಣೂರಿಗೆ ಹೋಗುವ ತಾಪತ್ರಯ ತಪ್ಪಿತು. ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂದು ಸಂವಿಧಾನದ 350ಎ ವಿಧಿಯೂ ಹೇಳುತ್ತದೆ.

ಪಕ್ಷ ಬದಲಾದರೆ ಅಕ್ಕಿಯ ಬೆಲೆ ಇಳಿಯಬಹುದು, ಕಚೇರಿ ಹತ್ತಿರವಾಗಬಹುದು. ಭಾಷೆಯ ಹಕ್ಕು ಮಾತ್ರ ಗೆದ್ದವರ ಮೆರವಣಿಗೆಯೊಡನೆ ತಾನಾಗಿ ಬರುವುದಿಲ್ಲ. ಮತ ಯಾಚಿಸಿ ಬಂದವರೊಡನೆ ಯಾವ ಪಕ್ಷವೆಂದು ಕೇಳುವುದಕ್ಕೆ ಮೊದಲು, ನಮ್ಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಎಂದು ಬರುತ್ತಾರೆ, ಅರ್ಜಿಯ ನಮೂನೆ ಕನ್ನಡದಲ್ಲಿ ಎಂದು ಸಿಗುತ್ತದೆ ಎಂದು ಕೇಳಬೇಕು. ಹಿರೇಹಾಳಿನವರಿಗೂ ಮಂಜೇಶ್ವರದವರಿಗೂ ಈ ಪ್ರಶ್ನೆ ಒಂದೇ.