ಸಾರ, ಫಲ್ಗು, ಮಜ್ಜೆ: ಮರದ ಬೆಳವಣಿಗೆಯೂ ಶಬ್ದಾರ್ಥವೂ

ಅಮರಸಿಂಹನು ವನೌಷಧಿವರ್ಗದಲ್ಲಿ ಮರದ ಅಂಗಗಳನ್ನು ಹೇಳುವಾಗ ಸಾರ, ಮಜ್ಜಾ ಎಂಬೆರಡು ಶಬ್ದಗಳನ್ನು ಪರ್ಯಾಯಗಳಾಗಿ ಪಠಿಸಿರುವನು. ಕನ್ನಡದಲ್ಲಿಯೂ ಇದೇ ಹಾದಿಯನ್ನು ಹಿಡಿದು ‘ಚೇಗು’ ಎಂಬುದಕ್ಕೆ ‘ಮರದ ತಿರುಳು’ ಎಂದು ಅರ್ಥ ಬರೆಯುವುದುಂಟು. ಪಾಠ ಹೇಳುವವರಿಗೆ ಇಷ್ಟು ಸಾಕೆಂದು ತೋರಬಹುದು. ಮರವನ್ನು ಅಡ್ಡಲಾಗಿ ಕೊಯ್ದು ನೋಡಿದವರಿಗೆ ಸಾಲದು. ತಿರುಳೇ ಬೇರೆ, ಚೇಗೇ ಬೇರೆ. ಈ ಭೇದವನ್ನು ಗಮನಿಸದೆ ಹೋದರೆ ಸಾರ, ಅಸಾರ ಎಂಬ ಪದಗಳನ್ನು ಆಶ್ರಯಿಸಿರುವ ಉಪಮಾನಗಳೆಲ್ಲ ಬುಡ ಕಳೆದುಕೊಳ್ಳುವುವು.

ಬೃಹದಾರಣ್ಯಕದ ಮೂರನೆಯ ಅಧ್ಯಾಯದ ಕೊನೆಯಲ್ಲಿ ಯಾಜ್ಞವಲ್ಕ್ಯನು ಪುರುಷನನ್ನು ವನಸ್ಪತಿಗೆ ಹೋಲಿಸುವಾಗ ಇಂತಹ ಗೊಂದಲವಿಲ್ಲ. ಅಲ್ಲಿ ರೋಮಗಳಿಗೆ ಎಲೆಗಳೂ, ಚರ್ಮಕ್ಕೆ ಹೊರತೊಗಟೆಯೂ, ರಕ್ತಕ್ಕೆ ಒಸರುವ ರಸವೂ, ಮಾಂಸಕ್ಕೆ ಶಕರಗಳೂ, ಸ್ನಾಯುವಿಗೆ ಕಿನಾಟವೂ, ಎಲುಬಿಗೆ ಒಳಗಣ ದಾರುವೂ ಸಮವೆನಿಸಿವೆ. ಮಜ್ಜೆಗೆ ಮಜ್ಜೆಯೇ ಸಮ. ಎಲುಬಿನೊಳಗೆ ಮಜ್ಜೆಯು ಹೇಗೆ ಬೇರೆಯಾಗಿರುವುದೋ ದಾರುವಿನೊಳಗೂ ಹಾಗೆಯೇ ಎಂಬುದು ಸ್ಪಷ್ಟ. ಕಿನಾಟವು ಕಟ್ಟಿಗೆಗೆ ಅಂಟಿಕೊಂಡಿರುವ ಒಳನಾರೆಂದು ಶಂಕರರು ವಿವರಿಸಿರುವರು. ಮರದ ವೃದ್ಧಿಗೆ ಮೂಲವೆಂದು ಇಂದಿನ ಸಸ್ಯಶಾಸ್ತ್ರವು ಹೇಳುವ ಪೊರೆಯೂ ಅದೇ ಎಡೆಯಲ್ಲಿರುವುದು. ಇದನ್ನು ಕಂಡು ಋಷಿಗಳಿಗೆ ಅದೆಲ್ಲ ತಿಳಿದಿತ್ತೆಂದು ಸಾಧಿಸಹೊರಡುವುದು ಅತಿಪ್ರಸಂಗ. ಮರವನ್ನು ಸೀಳುವವನ ಕಣ್ಣು ಅವರಿಗಿತ್ತೆಂದರೆ ಸಾಕು.

ಆ ಪೊರೆಗೆ ಕ್ಯಾಂಬಿಯಂ ಎಂದು ಹೆಸರು. ತೊಗಟೆಗೂ ಕಟ್ಟಿಗೆಗೂ ನಡುವೆ, ಕಣ್ಣಿಗೆ ಬೇರೆಯಾಗಿ ಕಾಣದಷ್ಟು ತೆಳುವಾಗಿ, ಕಾಂಡವನ್ನೂ ಕೊಂಬೆಗಳನ್ನೂ ಕವಚದಂತೆ ಸುತ್ತಿಕೊಂಡಿರುವ ಇದರ ಜೀವಕಣಗಳು ಒಡೆದು ಒಂದೆರಡಾಗುತ್ತ, ಹೊರಮಗ್ಗುಲಲ್ಲಿ ಒಳತೊಗಟೆಯನ್ನೂ ಒಳಮಗ್ಗುಲಲ್ಲಿ ಕಟ್ಟಿಗೆಯನ್ನೂ ಹುಟ್ಟಿಸುವುವು. ಆದುದರಿಂದ ಹಳೆಯ ಕಟ್ಟಿಗೆಯು ನಡುವಿನ ಕಡೆಗೂ ಹೊಸದು ತೊಗಟೆಯ ಕೆಳಗೂ ಇರುವುದು. ನಟ್ಟನಡುವಿನ ಮಜ್ಜೆಯಾದರೋ ಕ್ಯಾಂಬಿಯಮ್ಮಿನ ಸೃಷ್ಟಿಯೇ ಅಲ್ಲ. ಕಾಂಡವು ಎಳೆಯ ಚಿಗುರಾಗಿದ್ದಾಗ ತುದಿಯ ಮೊಗ್ಗಿನಿಂದ ಬಂದ ಮೆತ್ತನೆಯ ಪದಾರ್ಥ. ಮರವು ಎಷ್ಟು ದಪ್ಪವಾದರೂ ಅದು ಬೆಳೆಯದು. ಹುಟ್ಟಿನಲ್ಲಿಯೇ ಭಿನ್ನವಾದ ಇವೆರಡನ್ನು ಪರ್ಯಾಯಗಳೆಂದು ಹೇಗೆ ಹೇಳುವುದು?

ಹೊಸ ಕಟ್ಟಿಗೆಯಲ್ಲಿ ನಾಳಗಳಿರುವುವು. ಇವು ಪಕ್ವವಾದೊಡನೆ ಜೀವವನ್ನು ಕಳೆದುಕೊಂಡು ಬರಿಯ ಕೊಳವೆಗಳಾಗಿ ಬೇರಿನ ನೀರನ್ನು ಎಲೆಗೆ ಮುಟ್ಟಿಸುವುವು. ಸುತ್ತಣ ಕೆಲವು ಕಣಗಳು ಮಾತ್ರ ಸಜೀವವಾಗಿದ್ದು ಆಹಾರವನ್ನು ಕೂಡಿಡುವುವು. ಹೊರಗಣ ಈ ಬಿಳಿಯ ಕಟ್ಟಿಗೆಯೇ ಫಲ್ಗು. ವರ್ಷಗಳು ಕಳೆದಂತೆ ಒಳಸುತ್ತಿನಲ್ಲಿರುವ ಈ ಕಣಗಳೂ ಸಾಯುತ್ತವೆ. ಸಾಯುವುದಕ್ಕೆ ಮುಂಚೆ ಅವು ಬಣ್ಣ, ಎಣ್ಣೆ, ಒಗರು ಮುಂತಾದ ದ್ರವ್ಯಗಳನ್ನು ಅಲ್ಲಿ ತುಂಬುವುವು. ತೇಗದಂತಹ ಮರಗಳಲ್ಲಿ ನಾಳದ ಪಕ್ಕದ ಕಣಗಳು ಗುಳ್ಳೆಗಳಂತೆ ಒಳಕ್ಕೆ ಉಬ್ಬಿ ನೀರಿನ ದಾರಿಯನ್ನೇ ಮುಚ್ಚುವುವು. ಹೀಗೆ ಆದದ್ದು ಸಾರ, ಕನ್ನಡದ ಚೇಗು, ಕೆಚ್ಚು. ಗೆದ್ದಲು ಹತ್ತದ ಗಟ್ಟಿತನವು ತೇಗಕ್ಕೆ ಬಂದದ್ದೂ, ಪರಿಮಳವು ಶ್ರೀಗಂಧಕ್ಕೆ ಬಂದದ್ದೂ ಇದರಿಂದಲೇ. ಗಂಧದ ಹೊರಗಣ ಬಿಳಿಭಾಗಕ್ಕೆ ವಾಸನೆಯಿಲ್ಲ. ಕೌಟಿಲ್ಯನು ಸಾರದಾರುಗಳ ಪಟ್ಟಿಯನ್ನು ಶಾಕದಿಂದ, ಎಂದರೆ ತೇಗದಿಂದ, ಮೊದಲುಮಾಡಿರುವುದು ಯುಕ್ತವಾಗಿದೆ.

ಆದರೆ ಸಾರವು ಮರದ ಪ್ರಾಣವಲ್ಲ. ತೇಗವನ್ನು ಹೊಳೆಯಲ್ಲಿ ತೇಲಿಸಿ ಸಾಗಿಸುತ್ತಿದ್ದ ಕಾಲದಲ್ಲಿ, ಹಸಿಯ ತೇಗವು ತೇಲದೆಂದು, ಬರ್ಮಾದಲ್ಲಿಯೂ ಮಲಬಾರಿನಲ್ಲಿಯೂ ಬುಡದ ಸುತ್ತ ತೊಗಟೆಯನ್ನೂ ಬಿಳಿಯ ಕಟ್ಟಿಗೆಯನ್ನೂ ಚೇಗು ಮುಟ್ಟುವವರೆಗೆ ಕೆತ್ತಿ, ಮರವನ್ನು ನಿಂತಂತೆಯೇ ಒಣಗಲು ಬಿಡುತ್ತಿದ್ದರು. ಚೇಗಿಗೆ ಏಟು ಬೀಳದಿದ್ದರೂ ಮರವು ಸಾಯುತ್ತಿತ್ತು. ಇದಕ್ಕೆ ವಿರೋಧವಾಗಿ, ಚೇಗೆಲ್ಲ ಕೊಳೆತು ಒಳಗೆ ಪೊಟರೆಯಾದ ಮುದಿಮರವು ಪ್ರತಿವರ್ಷವೂ ಚಿಗುರುವುದನ್ನು ಯಾರು ಕಂಡಿಲ್ಲ! ಮರವನ್ನು ಬದುಕಿಸುವುದು ಫಲ್ಗು. ಸಾರವು ಅದನ್ನು ನಿಲ್ಲಿಸುವುದು ಮಾತ್ರ. ಕೋಶಕಾರರು ಫಲ್ಗುವನ್ನು ಅಸಾರವೆಂದು ಕರೆದದ್ದು ಬಡಗಿಯ ದೃಷ್ಟಿಯಿಂದ, ಮರದ ದೃಷ್ಟಿಯಿಂದಲ್ಲ. ‘ಕೆಚ್ಚೆದೆ’ ಎಂಬ ಸಮಾಸದಲ್ಲಿ ಬಾಗದ ಬಿಗಿಯೆಂಬ ಅರ್ಥವು ಹೊಂದುವುದು. ಒಳಗಣ ಮೃದುವಾದ ತಿರುಳೆಂಬ ಅರ್ಥ ಹೊಂದದು.

ಇನ್ನು ಋತುಗಳ ವಿಷಯ. ತೇಗವು ಒಣಗಾಲದಲ್ಲಿ ಎಲೆಯುದುರಿಸುವುದು. ಆಗ ಕ್ಯಾಂಬಿಯಮ್ಮೂ ಕೆಲಸವನ್ನು ನಿಲ್ಲಿಸುವುದು. ಅಶ್ವಿನಿ, ಭರಣಿ ಮಳೆಗಳು ಬಿದ್ದು ಚಿಗುರೊಡೆಯುವ ಹೊತ್ತಿಗೆ ಅದು ಮರಳಿ ಎಚ್ಚತ್ತು, ಮೊದಲು ಬರಿಗಣ್ಣಿಗೂ ಕಾಣುವಷ್ಟು ಅಗಲವಾದ ನಾಳಗಳನ್ನು ಸಾಲಾಗಿ ನಿರ್ಮಿಸುವುದು; ಮಳೆಗಾಲ ಮುಂದುವರಿದಂತೆ ನಾಳಗಳು ಕಿರಿದಾಗಿ ನಾರಿನ ಅಂಶವು ಹೆಚ್ಚುವುದು. ಹಿಂದಿನ ವರ್ಷದ ಬಿಗಿಯಾದ ಕಟ್ಟಿಗೆಗೆ ಹೊಸ ವರ್ಷದ ರಂಧ್ರಗಳ ಸಾಲು ತಾಗುವ ಕಡೆಯಲ್ಲಿ ಉಂಗುರದ ಗೆರೆಯು ಕಾಣುವುದು. ವರ್ಷಕ್ಕೊಂದು ಉಂಗುರ. ಮಲೆನಾಡಿನ ನಿತ್ಯಹರಿದ್ವರ್ಣದ ಕಾಡುಗಳಲ್ಲಿ ಅನೇಕ ಮರಗಳಿಗೆ ಇಂತಹ ವಿಶ್ರಾಂತಿಯ ಕಾಲವು ನಿಯತವಾಗಿಲ್ಲದುದರಿಂದ ಉಂಗುರಗಳು ಸ್ಪಷ್ಟವಾಗಿರುವುದಿಲ್ಲ. ತೇಗದಲ್ಲಿಯೂ ಮಳೆಯು ನಡುವೆ ಕೈಕೊಟ್ಟು ಮತ್ತೆ ಬಂದರೆ ಒಂದೇ ವರ್ಷದಲ್ಲಿ ಸುಳ್ಳುಂಗುರವೊಂದು ಹುಟ್ಟಬಹುದು. ಒಂದೇ ಮರವನ್ನು ನೆಚ್ಚಿ ಎಣಿಸುವವನು ಇಲ್ಲಿ ಮೋಸಹೋಗುವನು. ಒಂದು ಹಸ್ತಪ್ರತಿಯ ಪಾಠವನ್ನು ಇತರ ಪ್ರತಿಗಳೊಡನೆ ಒಪ್ಪವಿಡುವಂತೆ, ಹಲವು ಮರಗಳ ಉಂಗುರಗಳನ್ನು ಹೋಲಿಸಿಯೇ ಕಾಲವನ್ನು ನಿರ್ಣಯಿಸುವರು.

ಮಳೆ ಕೊರತೆಯಾದ ವರ್ಷದ ಉಂಗುರವು ಸಾಮಾನ್ಯವಾಗಿ ಕಿರಿದು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿದ್ವಾಂಸರು ಕೇರಳದ ತೇಗಗಳನ್ನು ಪರಿಶೋಧಿಸಿ 1481ರಿಂದ 2003ರವರೆಗಿನ 523 ವರ್ಷಗಳ ಉಂಗುರಮಾಲೆಯನ್ನು 2010ರಲ್ಲಿ ಪ್ರಕಟಿಸಿದರು. ಶಾಂತಸಾಗರದ ನೀರು ಕಾಯ್ದು ಇಲ್ಲಿ ಮುಂಗಾರು ಸೋತ ಎಲ್ ನಿನೋ ವರ್ಷಗಳಲ್ಲಿ ಬೆಳವಣಿಗೆಯು ಕುಗ್ಗಿದುದು ಹೆಚ್ಚಾಗಿ ಕಂಡುಬಂದಿತು. ಶಾಸನಗಳು ಕ್ಷಾಮವನ್ನು ಹೇಳುವುದು ದಾನವೋ ತೆರಿಗೆಯ ಮಾಫಿಯೋ ನಡೆದಾಗ ಮಾತ್ರ. ಮರವು ಹೇಳಿಸಿಕೊಳ್ಳದೆ ಪ್ರತಿವರ್ಷವೂ ಬರೆದಿಡುವುದು. ಆದರೆ ಹಸಿವೆಯನ್ನು ಅದು ಬರೆಯಲಾರದು, ಮಳೆಯನ್ನು ಮಾತ್ರ; ಇವೆರಡನ್ನು ಇತಿಹಾಸಕಾರರು ಒಂದೆಂದು ಭ್ರಮಿಸಬಾರದು.

ಅಮರಸಿಂಹನಿಗೆ ನ್ಯಾಯ ಸಲ್ಲಬೇಕಾದ ಎಡೆಯೊಂದುಂಟು. ಬಿದಿರಿಗೆ ತ್ವಕ್ಸಾರವೆಂದೂ, ತಾಳ ಖರ್ಜೂರಾದಿಗಳಿಗೆ ತೃಣದ್ರುಮಗಳೆಂದೂ ಅವನು ಹೆಸರು ಕೊಟ್ಟಿರುವನು. ಇವೆಲ್ಲ ಹುಲ್ಲಿನ ಬಳಗಕ್ಕೆ ಹತ್ತಿರದವು. ಇವುಗಳಲ್ಲಿ ಮೇಲೆ ಹೇಳಿದ ಕ್ಯಾಂಬಿಯಂ ಇಲ್ಲ. ಆದುದರಿಂದ ಒಳಗೆ ಚೇಗು ಕಟ್ಟುವುದಿಲ್ಲ, ಗಟ್ಟಿಯಾದ ಭಾಗವು ಹೊರಸುತ್ತಿನಲ್ಲಿರುವುದು. ಬಿದಿರು ನೆಲದಿಂದ ಏಳುವಾಗಲೇ ತನ್ನ ಪೂರ್ಣ ದಪ್ಪವನ್ನು ಪಡೆದಿರುವುದೂ, ತೆಂಗಿನ ಮರವನ್ನು ಕೊಯ್ದರೆ ವಯಸ್ಸನ್ನು ಎಣಿಸಲು ಒಂದು ಉಂಗುರವೂ ದೊರೆಯದಿರುವುದೂ ಇದೇ ಕಾರಣದಿಂದ.