ರಾಷ್ಟ್ರಪತಿ ಚುನಾವಣೆ: ಪ್ರತಿನಿಧಿಗಳು ಫಲಿತಾಂಶವನ್ನು ಬದಲಿಸಬಲ್ಲರೇ?

ಲಾಯಿಲದ ವರ್ತಕರು ಬೆಳ್ತಂಗಡಿಯ ಶಾಸಕರನ್ನೂ ದಕ್ಷಿಣ ಕನ್ನಡದ ಲೋಕಸಭಾ ಸದಸ್ಯರನ್ನೂ ನೇರವಾಗಿ ಆರಿಸುತ್ತಾರೆ. ರಾಷ್ಟ್ರಪತಿಯ ಆಯ್ಕೆಯಲ್ಲಿ ಮಾತ್ರ ಅವರ ಪರವಾಗಿ ಆ ಪ್ರತಿನಿಧಿಗಳೇ ಮತ ಚಲಾಯಿಸುತ್ತಾರೆ. ಸಂವಿಧಾನದ 54ನೆಯ ವಿಧಿಯಂತೆ ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರೇ ಈ ಚುನಾವಣೆಯ ಮತದಾರರು. 2022ರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಒಬ್ಬ ಸಂಸದರದು 700 ಆಗಿತ್ತು. ಇವರು ಪಕ್ಷದ ನಿರ್ಧಾರವನ್ನು ಮೀರಿ ಫಲಿತಾಂಶವನ್ನೇ ಬದಲಿಸಬಲ್ಲರೇ?

ಬಲ್ಲರು, 1969ರಲ್ಲಿ ಬದಲಿಸಿಯೂ ಇದ್ದಾರೆ. ಆ ಪ್ರಸಂಗ ನಮ್ಮ ಜಿಲ್ಲೆಯ ಬ್ಯಾಂಕುಗಳ ಇತಿಹಾಸದೊಡನೆ ಹೆಣೆದುಕೊಂಡಿರುವುದರಿಂದ ವ್ಯಾಪಾರಸ್ಥರು ತಿಳಿಯತಕ್ಕದ್ದಾಗಿದೆ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದಾಗ, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಆಗ ಕಾಂಗ್ರೆಸ್ ಅಧ್ಯಕ್ಷರು. ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿದ್ದಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಎರಡೂ ಆ ಪಟ್ಟಿಯಲ್ಲಿದ್ದವು. ಅದಕ್ಕೆ ಸಹಿ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆಯಿತ್ತು ಸ್ವತಂತ್ರ ಅಭ್ಯರ್ಥಿಯಾಗಿ ಕಣದಲ್ಲಿದ್ದರು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಮಾಡಿದ್ದ ಇಂದಿರಾ ಅವರು, ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಕೊನೆಗೆ ಸದಸ್ಯರಿಗೆ ಕರೆಯಿತ್ತರು. ರಾಜಕೀಯದಲ್ಲಿ ಆತ್ಮಸಾಕ್ಷಿಗೂ ಮುಹೂರ್ತವಿರುತ್ತದೆ.

ನಿಜಲಿಂಗಪ್ಪನವರ ಲೆಕ್ಕಾಚಾರ ಬೇರೆಯಿತ್ತು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ಸಿ. ಡಿ. ದೇಶಮುಖರನ್ನು ನಿಲ್ಲಿಸಿದ್ದವು; ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ಕೊಡಿಸುವುದು ಅವರ ಯತ್ನ. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಎರಡನೆಯ ಪ್ರಾಶಸ್ತ್ಯಗಳು ಹಂಚಿಕೆಯಾದಾಗ ರೆಡ್ಡಿಯವರಿಗೆ ಸುಮಾರು 92 ಸಾವಿರ ಸೇರಿದರೂ ಗಿರಿಯವರಿಗೆ ಸಿಕ್ಕಿದ 18,562 ಸಾಕಾಯಿತು. ಅಂತಿಮವಾಗಿ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಅಂದು ಒಬ್ಬ ಸಂಸದರ ಮತದ ಮೌಲ್ಯ 576 ಆಗಿದ್ದುದರಿಂದ, ಗಿರಿಯವರ ಕಡೆಯ 13 ಮಂದಿ ಸಂಸದರು ರೆಡ್ಡಿಯವರತ್ತ ತಿರುಗಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು. ಪಕ್ಷದ ಆದೇಶವನ್ನು ಕಾಂಗ್ರೆಸ್ಸಿಗರೆಲ್ಲರೂ ಪಾಲಿಸಿದ್ದರೆ ಗಿರಿಯವರು ಗೆಲ್ಲುವಂತಿರಲಿಲ್ಲ. ಅದೇ ನವೆಂಬರಿನಲ್ಲಿ ಪಕ್ಷ ಒಡೆಯಿತು.

ಈ ಸ್ವಾತಂತ್ರ್ಯಕ್ಕೆ ಆಧಾರ ಗುಪ್ತ ಮತದಾನ. 55ನೆಯ ವಿಧಿಯು ಅದನ್ನು ಕಡ್ಡಾಯಗೊಳಿಸಿದೆ. ಪಕ್ಷಗಳು ಈ ಚುನಾವಣೆಗೆ ವಿಪ್ ಹೊರಡಿಸುವಂತಿಲ್ಲವೆಂದು ಚುನಾವಣಾ ಆಯೋಗವೂ ಸ್ಪಷ್ಟಪಡಿಸಿದೆ. ಅಮೆರಿಕದ ಕ್ರಮ ಇದಕ್ಕೆ ವಿರುದ್ಧ. ಅಲ್ಲಿ ಅಧ್ಯಕ್ಷರನ್ನು ಆರಿಸುವ 538 ನಿರ್ವಾಚಕರಲ್ಲಿ 2016ರಲ್ಲಿ ಏಳು ಮಂದಿ ಕೊಟ್ಟ ಮಾತಿಗೆ ತಪ್ಪಿ ಮತ ಹಾಕಿದರು, ಫಲಿತಾಂಶ ಕದಲಲಿಲ್ಲ. ಇಂಥವರನ್ನು ರಾಜ್ಯಗಳು ದಂಡಿಸಬಹುದೆಂದು 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಗಳು ನಮ್ಮ ಸುಪ್ರೀಂ ಕೋರ್ಟಿನಲ್ಲಿ 1970ರಲ್ಲಿ ವಜಾಗೊಂಡವು. ರಾಷ್ಟ್ರಪತಿ ಸ್ವತಃ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. ಅದೇ ವರ್ಷದ ಫೆಬ್ರವರಿ 10ರಂದು ಬ್ಯಾಂಕ್ ರಾಷ್ಟ್ರೀಕರಣ ಕಾಯಿದೆಯನ್ನು ಆ ನ್ಯಾಯಾಲಯ ರದ್ದುಗೊಳಿಸಿತ್ತು. ನಾಲ್ಕು ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂದಿತು. ರೆಡ್ಡಿಯವರಿದ್ದಿದ್ದರೂ ಸಂಪುಟದ ಸಲಹೆಯಂತೆ ಸಹಿ ಬೀಳುತ್ತಿತ್ತೆಂದೇ ತೋರುತ್ತದೆ. ಆದರೆ ಈ ಬಾರಿಯೂ ಸಹಿ ಗಿರಿಯವರದೇ ಆಗಿತ್ತು.